ಇನ್ನೂ ಬಾರದ ಗಾಂಧಾರ

ವೀಣೆಯಾಗಬೇಕಾದ ಹಲಸಿನ ಮರಕ್ಕೆ ಹನ್ನೆರಡು ವರ್ಷ ಸಂಗೀತ ಪಾಠವಾಗಬೇಕು, ಆಮೇಲೆಯೇ ಕಡಿಯುವುದು. ಅಲಮೇಲಮ್ಮ ತಮ್ಮ ಹಿತ್ತಲಿನ ಮರಕ್ಕೆ ಹದಿನಾರು ವರ್ಷದಿಂದ ದಿನಾ ಬೆಳಿಗ್ಗೆ ಹಾಡಿ ಕಲಿಸುತ್ತಿದ್ದಾರೆ.

ವೀಣೆ ಮಾಡುವ ಮರಿಯಾಚಾರಿ ಈ ವರ್ಷವೂ ಕೊಡಲಿ ಹಿಡಿದು ಬಂದರು.

"ತೋಡಿ ರಾಗದ ಗಾಂಧಾರ ಇನ್ನೂ ಸರಿಯಾಗಿ ಬಂದಿಲ್ಲ ಆಚಾರ್ರೇ. ಇನ್ನೊಂದು ವರ್ಷ ಬಿಡಿ," ಎಂದರು ಅಲಮೇಲಮ್ಮ. ಹೋದ ವರ್ಷವೂ ಹೀಗೇ ಅಂದಿದ್ದರು.

ಆಚಾರಿ ಕಾಂಡಕ್ಕೆ ಕಿವಿಯಿಟ್ಟು ಬೆರಳಿನಿಂದ ತಟ್ಟಿದರು. ಅಷ್ಟು ಇಂಪಾದ ಗಾಂಧಾರವನ್ನು ಅವರು ಯಾವ ಮರದಲ್ಲೂ ಕೇಳಿರಲಿಲ್ಲ. ತಿರುಗಿ ನೋಡಿದರೆ ಅಲಮೇಲಮ್ಮ ಸೆರಗನ್ನು ಬಿಗಿಯಾಗಿ ಹಿಡಿದು ನಿಂತಿದ್ದರು.

"ಹೌದಮ್ಮಾ, ಬಂದಿಲ್ಲ. ಶುದ್ಧ ದಡ್ಡ ಮರ ಇದು," ಎಂದು ಆಚಾರಿ ಕೊಡಲಿಯನ್ನು ಚೀಲಕ್ಕೆ ಹಾಕಿಕೊಂಡರು.

"ಮೆಲ್ಲಗೆ ಹೇಳಿ," ಎಂದು ಅಲಮೇಲಮ್ಮ ಮರದ ಮೈ ಸವರಿದರು. "ಅದಕ್ಕೆ ಕೇಳಿಸತ್ತೆ."