ತೇರಿಗೆ ಅಡ್ಡ ಕೂತ ಅಜ್ಜಿ

ಜಪಾನಿನ ಒಂದು ಪಟ್ಟಣದ ಹಬ್ಬದಲ್ಲಿ ತೇರು ನಡೆಸುವ ಯಜಮಾನಿಕೆ ಗೆನ್‌ಜೋನಿಗೆ ಸಿಕ್ಕಿದ್ದು ಇದೇ ಮೊದಲು. ಎಲ್ಲೂ ನಿಲ್ಲಿಸದೆ ನೆಟ್ಟಗೆ ಗುಡಿ ಮುಟ್ಟಿಸುತ್ತೇನೆಂದು ಊರೆಲ್ಲ ಕೊಚ್ಚಿಕೊಂಡಿದ್ದ. ಅರ್ಧ ದಾರಿಯಲ್ಲಿ, ಅಕ್ಕಿ ಉಂಡೆ ಮಾರುವ ಮುದುಕಿಯೊಬ್ಬಳು ನಡುಬೀದಿಗೆ ಸ್ಟೂಲು ತಂದು ಹಾಕಿ ಕೂತು, ಎರಡೂ ಕೈ ಎತ್ತಿದಳು.

"ಏಳಜ್ಜೀ, ಚಕ್ರಕ್ಕೆ ಸಿಕ್ಕಿ ಚಟ್ನಿಯಾಗ್ತೀಯ!"

"ಕಿರುಚಬೇಡ. ನಿನ್ನ ತೇರಿನ ತುದೀಲಿ ಕೂತಿರೋದು ಯಾರು?"

"ಸೂರ್ಯನ ಕುದುರೆ ಹುಳದ ಗೊಂಬೆ. ಹಳೇ ಕಥೆಯ ಹುಳ, ಅಷ್ಟೂ ಗೊತ್ತಿಲ್ವಾ?"

"ಅದೇನು ಮಾಡ್ತಂತೆ?"

"ರಾಜನ ರಥಕ್ಕೆ ಅಡ್ಡ ನಿಂತು ಕೈ ಎತ್ತಿತಂತೆ."

"ರಾಜ ಅದರ ಮೇಲೆ ರಥ ಹರಿಸಿಬಿಟ್ಟನೋ?"

ಗೆನ್‌ಜೋ ಹಲ್ಲು ಕಡಿದ. "ಇಲ್ಲ. ಅದರ ಧೈರ್ಯ ಮೆಚ್ಚಿ ರಥಾನೇ ತಿರುಗಿಸಿದ."

"ನೀನೇನು ರಾಜನಿಗಿಂತ ದೊಡ್ಡವನೇನೋ?"

ಹಗ್ಗ ಹಿಡಿದವರೇ ಗೊಳ್ಳೆಂದು ನಕ್ಕರು. ಗೆನ್‌ಜೋ ಪಕ್ಕದ ಓಣಿಗೆ ಕೈ ತೋರಿಸಿದ. ಆ ತೇರಿನ ಚಕ್ರ ನೇರಕ್ಕಷ್ಟೇ ಉರುಳುವಂಥದ್ದು. ತಿರುಗಿಸಬೇಕೆಂದರೆ ಅಡಿಗೆ ಬಿದಿರಿನ ದಬ್ಬೆ ಹಾಸಿ, ನೀರು ಸುರಿದು, ಅಡ್ಡಡ್ಡ ಜಾರಿಸಿ ಎಳೆಯಬೇಕು. ಬೈದುಕೊಂಡೇ ಎಳೆಸಿದ. ಗಂಟೆಗಟ್ಟಲೆ ಹಿಡಿಯಿತು. ಆ ತಮಾಷೆ ನೋಡಲು ಮುಗಿಬಿದ್ದ ಜನ ಮುದುಕಿಯ ಉಂಡೆಗಳನ್ನೆಲ್ಲ ಕೊಂಡು ತಿಂದು ಮುಗಿಸಿದರು.

"ಹೋಗಿ ಬಾ, ಮಹಾರಾಜ," ಎಂದು ಅವಳು ಖಾಲಿ ಬುಟ್ಟಿ ಎತ್ತಿಕೊಂಡು ತನ್ನ ಅಂಗಡಿಯೊಳಗೆ ಹೋದಳು.

ಮರುವರ್ಷ ತೇರು ಆ ಬೀದಿಗೆ ಕಾಲಿಟ್ಟಾಗ, ಅಲ್ಲಿನ ಅಂಗಡಿಯವರೆಲ್ಲ ಉದ್ದಕ್ಕೂ ಸ್ಟೂಲು ಹಾಕಿಕೊಂಡು, ಎರಡೂ ಕೈ ಎತ್ತಿ ಕೂತಿದ್ದರು.