ಖಾಲಿ ಗ್ಯಾಲರಿಯ ಮುಖ

ಅದೇ ಮುದುಕ ಮತ್ತೆ ಕಂಡ. ಸುಂಡ್ಸ್‌ವಾಲ್‌ನಲ್ಲಿ ತೆಗೆದ ಚಿತ್ರದಲ್ಲಿ ಕೊರಳಿಗೆ ಆ ಊರ ತಂಡದ ನೀಲಿ ಮಫ್ಲರ್ ಸುತ್ತಿಕೊಂಡಿದ್ದವನು, ಓರೆಬ್ರೋದ ಚಿತ್ರದಲ್ಲಿ ಅಲ್ಲಿನವರ ಕಪ್ಪು ಬಿಳಿ ಮಫ್ಲರ್ ಹಾಕಿಕೊಂಡು ಕೂತಿದ್ದ. ಗುನ್ವೊರ್ ಕನ್ನಡಕ ತೆಗೆದು ಕಣ್ಣುಜ್ಜಿಕೊಂಡಳು.

ಸ್ವೀಡನ್ನಿನ ಎರಡನೇ ದರ್ಜೆಯ ಫುಟ್‌ಬಾಲ್ ಲೀಗಿಗೆ ಜನ ಯಾಕೆ ಬರುತ್ತಿಲ್ಲವೆಂದು ಕಂಡುಹಿಡಿಯುವುದು ಅವಳ ಕೆಲಸ. ಗ್ಯಾಲರಿಗಳ ಚಿತ್ರ ನೋಡುವುದು, ವರದಿ ಬರೆಯುವುದು. ವರದಿಗಳು ದಪ್ಪವಾಗುತ್ತ ಹೋದವು, ಜನ ಕರಗುತ್ತ ಹೋದರು. ಹಿಂದಿನಂತೆ ಗ್ಯಾಲರಿ ಕಿಕ್ಕಿರಿದಿದ್ದರೆ ಈ ಮುಖ ಯಾರ ಕಣ್ಣಿಗೂ ಬೀಳುತ್ತಿರಲಿಲ್ಲ.

ಮೇಲಧಿಕಾರಿ ಟೋರ್ಕೆಲ್‌ಗೆ ಯೋಚಿಸುವ ಅಗತ್ಯವೇ ಬೀಳಲಿಲ್ಲ. "ಊರಿಗೊಂದು ಬಣ್ಣ ಬದಲಾಯಿಸ್ತಾನೆ ಅಂದ್ರೆ ಬೆಟ್ಟಿಂಗ್‌ನವನೇ. ವಿಚಾರಿಸಿ ಗುನ್ವೊರ್. ಇನ್ಮೇಲೆ ಯಾವ ಮೈದಾನಕ್ಕೂ ಕಾಲಿಡದ ಹಾಗೆ ಮಾಡೋಣ."

"ಬರೋದೇ ನಾಲ್ಕು ಜನ. ಅದರಲ್ಲೂ ಒಬ್ಬನ್ನ ನಾವೇ ಓಡಿಸೋದಾ?"

ಟೋರ್ಕೆಲ್ ಮುಂದಿನ ಪಂದ್ಯಗಳ ಪಟ್ಟಿಯನ್ನು ಅವಳ ಕಡೆ ತಳ್ಳಿದ.

ಹುಡುಕುತ್ತ ಎರಡು ಊರು ಸುಮ್ಮನೆ ಸುತ್ತಿದ್ದಾಯಿತು. ಮುದುಕ ಸಿಕ್ಕಿದ್ದು ಹಾಲ್ಮ್‌ಸ್ಟಾಡ್‌ನಲ್ಲಿ, ಸಮುದ್ರದ ಗಾಳಿ ಮೂಳೆಗೆ ಇಳಿಯುತ್ತಿದ್ದ ಒಂದು ಮಧ್ಯಾಹ್ನ. ಇಲ್ಲಿ ಕೆಂಪು ಮಫ್ಲರ್. ಸುತ್ತಲೂ ಖಾಲಿ ಕುರ್ಚಿಗಳಿದ್ದರೂ ಗುನ್ವೊರ್ ಅವನ ಪಕ್ಕದಲ್ಲೇ ಹೋಗಿ ಕೂತಳು. ತನ್ನ ಹೆಸರು ಏವರ್ಟ್ ಎಂದ. ಫ್ಲಾಸ್ಕಿನಿಂದ ಕಾಫಿ ಬಗ್ಗಿಸಿ ಅವಳಿಗೂ ಕೊಟ್ಟ.

ಊರ ತಂಡ ಗೋಲು ಹೊಡೆಯಿತು. ಅವನು ಚಪ್ಪಾಳೆ ತಟ್ಟಲಿಲ್ಲ. ಎದುರಾಳಿಗಳು ತಿರುಗಿ ಹೊಡೆದರು. ನಿಟ್ಟುಸಿರೂ ಬರಲಿಲ್ಲ. ಚೆಂಡು ಒಂದು ಮೂಲೆಯಲ್ಲಿದ್ದರೆ ಅವನ ನೋಟ ಎಷ್ಟೋ ಸಲ ಇನ್ನೊಂದು ಕಡೆ ಇರುತ್ತಿತ್ತು. ಎದುರಾಳಿಯೊಬ್ಬ ಜಾರಿ ಬಿದ್ದ, ಅವರಿಗೆ ಪೆನಾಲ್ಟಿ ಸಿಕ್ಕಿತು. ಮುಂದಿನ ಸಾಲಿನ ದಡಿಯನೊಬ್ಬ ಎದ್ದು ಮೈದಾನದ ಕಡೆ ಕೂಗಿದ.

"ಲೇ ಕುರುಡ, ಕಣ್ಣು ಮನೇಲಿ ಬಿಟ್ಟು ಬಂದಿದೀಯೇನೋ? ಹೋಗಿ ಕುರಿ ಕಾಯೋಗು."

ಪೆನಾಲ್ಟಿ ಒದೆಯುವ ಮೊದಲೇ ಏವರ್ಟ್ ಕಣ್ಣು ಮುಚ್ಚಿಕೊಂಡಿದ್ದ. ಫಲಿತಾಂಶ ಇವನಿಗೆ ಮೊದಲೇ ಗೊತ್ತು, ಅಂದುಕೊಂಡಳು ಗುನ್ವೊರ್. ಪತ್ತೆಹಚ್ಚಿದ ಖುಷಿ ಬರಬೇಕಿತ್ತು. ಬಂದದ್ದು ಬರೀ ಸುಸ್ತು.

"ಜನ ತುಂಬಾ ಕಮ್ಮಿಯಾಗಿಬಿಟ್ರು ಅಲ್ವಾ?" ಎಂದಳು.

"ಇನ್ನೂ ಕಮ್ಮಿಯಾದ್ರೆ ಒಳ್ಳೇದು."

ಇಷ್ಟು ವರ್ಷ ಎಷ್ಟೋ ಜನರನ್ನು ಇದೇ ಮಾತು ಕೇಳಿದ್ದಳು. ಇಂಥ ಉತ್ತರ ಯಾರೂ ಕೊಟ್ಟಿರಲಿಲ್ಲ. ಲೀಗಿನ ಗುರುತಿನ ಚೀಟಿ ತೆಗೆದು ತೋರಿಸಿದಳು.

"ಇವತ್ತು ಯಾರು ಗೆಲ್ಬೇಕು ನಿಮಗೆ?"

"ಯಾರಾದ್ರೂ ಗೆಲ್ಲಲಿ. ಗಲಾಟೆ ಇಲ್ದೆ ಮುಗಿದ್ರೆ ಸಾಕು."

"ಯಜಮಾನರೇ, ನನಗೂ ವಯಸ್ಸಾಗಿದೆ, ಕಾಲು ಬೇರೆ ನೋಯ್ತಿದೆ. ಯಾರಿಗೋಸ್ಕರ ಹಿಂಗೆ ಊರೂರು ಅಲೀತೀರಿ, ಹೇಳಿಬಿಡಿ. ಇಲ್ದಿದ್ರೆ ನಾಳೆಯಿಂದ ನಿಮ್ಮನ್ನ ಯಾವ ಮೈದಾನದ ಒಳಗೂ ಬಿಡಲ್ಲ."

ಮುದುಕ ಫ್ಲಾಸ್ಕು ಕೆಳಗಿಟ್ಟು ಅವಳ ಕಡೆ ತಿರುಗಿದ.

"ಹಂಗೆ ಮಾತ್ರ ಮಾಡಬೇಡಿ ತಾಯಿ. ನಾನು ಬರೋದು ಅವನಿಗೂ ಗೊತ್ತಿಲ್ಲ. ಬರಲೇಬೇಡ ಅಂದಿದಾನೆ, ನಿನ್ನ ಕಿವಿಗೆ ಅದೆಲ್ಲ ಬೀಳೋದು ಬೇಡಪ್ಪ ಅಂತ. ಅದಕ್ಕೇ ಆಯಾ ಊರಿನವರ ಬಣ್ಣ ಹಾಕ್ಕೊಂಡು, ಅವರ ಮಧ್ಯೆ ಕೂತ್ಕೋತೀನಿ. ಅವನ ಅಮ್ಮ ಇದ್ದಿದ್ರೆ ಅವಳೂ ಬರ್ತಿದ್ಲು."

"ಯಾವ ತಂಡದಲ್ಲಿ ಆಡ್ತಾನೆ?"

"ಆಡಲ್ಲ," ಎಂದ ಏವರ್ಟ್. "ಅಲ್ಲಿ ಎರಡೂ ಕಡೆಯವರ ಹತ್ರ ಬೈಸ್ಕೋತಾ ಒಬ್ಬನೇ ನಿಂತಿದಾನಲ್ಲ ರೆಫರಿ, ಅವನು ನನ್ನ ಮಗ."