ಬೆಲ್ಲದ ಭರಣಿ

ಕಳ್ಳು ಬೆರೆಸಿದ ಹಿಟ್ಟಿನ ಹುಳಿ ವಾಸನೆಗೆ ಇಂದು ಆ ಹಳೆಯ ಮಧ್ಯಾಹ್ನ ನೆನಪಿಗೆ ಮರಳಿ ಬಂತು.

ಮರುದಿನ ಅಪ್ಪನ ತಂಗಿ, ನನ್ನ ಅತ್ತೆಯ ಮದುವೆ. ಅಜ್ಜ ಕಾಸರಗೋಡಿನ ಆಸ್ಪತ್ರೆಯಲ್ಲಿ ಪ್ರಜ್ಞೆಯಿಲ್ಲದೆ ಮಲಗಿದ್ದರು. ಸನ್ನಕ್ಕೆ, ಅಂದರೆ ಕಳ್ಳಿನಿಂದ ಹುಳಿ ಬರಿಸಿ ಹಬೆಯಲ್ಲಿ ಬೇಯಿಸುವ ಕಡುಬಿಗೆ, ಅಕ್ಕಿ ರುಬ್ಬಿಯಾಗಿತ್ತು; ಕಳ್ಳು ಬೆರೆಸಿದರೆ ಅಂದೇ ಬೇಯಿಸಬೇಕು. ನಮ್ಮ ಮನೆಯಲ್ಲಿ ಮದುವೆಯ ಸನ್ನಕ್ಕೆ ಬೆಲ್ಲ ಬೇಕು, ಸಾವಿನ ಊಟದ್ದಕ್ಕೆ ಬೇಡ.

"ಎಂತ ಮಾಡುವುದು ಮಾಂಯ್? ಮದುವೆ ಉಂಟೋ ಇಲ್ಲವೋ?" ಅಮ್ಮ ಅಪ್ಪನ ತಾಯಿಯಾದ ಅಜ್ಜಿಯನ್ನು ಕೇಳಿದಳು.

"ಕಳ್ಳು ಬೆರೆಸು. ಎಂತ ಆದರೂ ಬಂದವರು ಉಣ್ಣಬೇಕಲ್ಲ? ಬೆಲ್ಲ ಈಗ ಬೇಡ. ಹಾಕಿದ್ದನ್ನು ತೆಗೀಲಿಕ್ಕೆ ಆಗ್ತದಾ?"

ಅಜ್ಜಿ ಇಷ್ಟು ನೇರವಾಗಿ ಹೇಳಿದ್ದಳೇ? ನನಗೆ ಅನುಮಾನ. ನನ್ನ ಬೆರಳಿಗೆ ಅಂಟಿದ ಹಿಟ್ಟಿನ ತಣ್ಣನೆಯ ನೊರೆ ಮಾತ್ರ ಸ್ಪಷ್ಟವಾಗಿ ನೆನಪಿದೆ.

ಸಂಜೆ ಅಪ್ಪ ಆಸ್ಪತ್ರೆಯಿಂದ ಬಂದು ಅಂಗಳದಲ್ಲೇ ನಿಂತರು. ಅಜ್ಜಿ ಬೆಲ್ಲದ ಭರಣಿಯನ್ನು ಎತ್ತಿ ಕಪಾಟಿನೊಳಗಿಟ್ಟು, ಒಲೆ ಹೊತ್ತಿಸಿದಳು.